ಹೃದಯದ ಶಬ್ದಕ್ಕೆ ಆಕ್ಟಿವ್ ಲೋ-ಪಾಸ್ ಫಿಲ್ಟರ್: ಕಟ್‌ಆಫ್ ಎಷ್ಟಿರಬೇಕು, ಎಷ್ಟನೇ ಆರ್ಡರ್ ಬೇಕು?

ಪ್ರಶ್ನೆ

ನಮಸ್ಕಾರ. ಸ್ಟೆತೊಸ್ಕೋಪಿನಲ್ಲಿ ಎದೆಗೆ ಒತ್ತುವ ಭಾಗಕ್ಕೆ ಚಿಕ್ಕ ಎಲೆಕ್ಟ್ರೆಟ್ ಮೈಕ್ರೊಫೋನ್ ಕೂರಿಸಿ, ಹೃದಯದ ಶಬ್ದವನ್ನು ಮೈಕ್ರೊಕಂಟ್ರೋಲರ್ ಮೂಲಕ ದಾಖಲಿಸುವ ಉಪಕರಣವೊಂದನ್ನು ತಯಾರಿಸುತ್ತಿದ್ದೇನೆ. ಇದು ಕಲಿಕೆಗಾಗಿ ಮಾತ್ರ, ರೋಗಪತ್ತೆಗಲ್ಲ. ಆದರೂ ಪ್ರತಿ ಬಡಿತದ ಮೊದಲನೆಯ ಮತ್ತು ಎರಡನೆಯ ಶಬ್ದಗಳು ಸ್ಪಷ್ಟವಾಗಿ ಬೇರೆಯಾಗಿ ಕಾಣಬೇಕು, ಮರ್ಮರ (ರಕ್ತ ಸುಳಿಗೊಂಡು ಹರಿಯುವಾಗ ಕೇಳುವ ಹೆಚ್ಚುವರಿ ಸದ್ದು) ಇದ್ದರೆ ಅದೂ ದಾಖಲಾಗಬೇಕು ಎಂಬುದು ನನ್ನ ಅಪೇಕ್ಷೆ.

ಈಗಿನ ಸರ್ಕ್ಯೂಟ್ ಹೀಗಿದೆ. ಮೈಕ್ರೊಫೋನಿಗೆ 3.3 ವೋಲ್ಟ್ ಸರಬರಾಜಿನಿಂದ ನೇರವಾಗಿ 2.2 ಕಿಲೋಓಮ್ ರೆಸಿಸ್ಟರ್ ಮೂಲಕ ಬಯಾಸ್ ಕೊಟ್ಟಿದ್ದೇನೆ. ಒಂದು ಆಪ್-ಆಂಪ್ (ವರ್ಧಕ ಚಿಪ್) ಆ ಸಂಕೇತವನ್ನು ಸುಮಾರು 50 ಪಟ್ಟು ವರ್ಧಿಸುತ್ತದೆ. ಅದರ ನಂತರ ಗೇನ್ (ವರ್ಧನೆ) 1 ಇರುವ, ಎರಡನೇ ಆರ್ಡರಿನ (ಆರ್ಡರ್ ಹೆಚ್ಚಿದಷ್ಟೂ ಇಳಿಕೆ ಕಡಿದು) ಸಾಲೆನ್-ಕೀ ಬಗೆಯ ಲೋ-ಪಾಸ್ ಫಿಲ್ಟರ್ ಇದೆ. ಅದರಲ್ಲಿ ರೆಸಿಸ್ಟರ್‌ಗಳೆರಡೂ 10 ಕಿಲೋಓಮ್, ಕೆಪಾಸಿಟರ್‌ಗಳೆರಡೂ 100 ನ್ಯಾನೊಫ್ಯಾರಡ್. ಲೆಕ್ಕದ ಪ್ರಕಾರ ಕಟ್‌ಆಫ್, ಅಂದರೆ ಸಂಕೇತ 3 ಡೆಸಿಬಲ್ ಇಳಿಯುವ ಆವರ್ತನ, 159 ಹರ್ಟ್ಸ್ ಆಗಬೇಕು. ಫಿಲ್ಟರಿನಿಂದ ಹೊರಬಂದದ್ದನ್ನು 10 ಬಿಟ್ ಎಡಿಸಿ (ವೋಲ್ಟೇಜನ್ನು ಅಂಕಿಯಾಗಿಸುವ ಭಾಗ) ಸೆಕೆಂಡಿಗೆ 1000 ಸ್ಯಾಂಪಲ್‌ಗಳಂತೆ ಓದುತ್ತದೆ.

ತೊಂದರೆಗಳು ಮೂರು. ಎರಡನೆಯ ಶಬ್ದ ನಾನು ನಿರೀಕ್ಷಿಸಿದ್ದಕ್ಕಿಂತ ಬಹಳ ಮಂದವಾಗಿದೆ. ಹಿನ್ನೆಲೆಯಲ್ಲಿ ವಿದ್ಯುತ್ ಲೈನಿನ ಗುಂಯ್ ಸದ್ದು ನಿರಂತರವಾಗಿ ಇದೆ. ಕಟ್‌ಆಫ್ ಏರಿಸಿ ನೋಡೋಣವೆಂದು ಕೆಪಾಸಿಟರ್‌ಗಳನ್ನು 27 ನ್ಯಾನೊಫ್ಯಾರಡ್‌ಗೆ ಬದಲಾಯಿಸಿದಾಗ ಶಬ್ದ ಚುರುಕಾದರೂ ಗ್ರಾಫಿನ ತಳರೇಖೆಯ ತುಂಬ ಒರಟು ಒರಟಾದ ಗದ್ದಲ ಸೇರಿಕೊಳ್ಳುತ್ತದೆ. ಹಾಗಾದರೆ ಹೃದಯದ ಶಬ್ದಕ್ಕೆ ಸರಿಯಾದ ಕಟ್‌ಆಫ್ ಯಾವುದು, ಎಷ್ಟನೇ ಆರ್ಡರ್ ಬೇಕು, ಗುಂಯ್ ಸದ್ದಿಗೆ ನಾಚ್ ಫಿಲ್ಟರ್ (ಒಂದು ಆವರ್ತನವನ್ನಷ್ಟೇ ತೆಗೆಯುವುದು) ಸೇರಿಸಬೇಕೇ? ಸಾಲೆನ್-ಕೀ ಬಿಟ್ಟು ಮಲ್ಟಿಪಲ್ ಫೀಡ್‌ಬ್ಯಾಕ್ ವಿನ್ಯಾಸಕ್ಕೆ ಹೋಗುವುದು ಒಳಿತೇ? ಬಲ್ಲವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ

ನಿಮ್ಮ ಮೂರು ತೊಂದರೆಗಳಿಗೂ ಕಾರಣಗಳು ಬೇರೆ ಬೇರೆ. ಆದ್ದರಿಂದ ಕಟ್‌ಆಫ್ ಒಂದನ್ನೇ ಹಿಂದೆ ಮುಂದೆ ಸರಿಸುತ್ತ ಹೋದರೆ ಒಂದು ಸರಿಹೋದಾಗ ಇನ್ನೊಂದು ಕೆಡುತ್ತದೆ. ಲೋ-ಪಾಸ್ ಫಿಲ್ಟರ್ ತನ್ನ ಅಂಚಿಗಿಂತ ಮೇಲಿರುವುದನ್ನು ಮಾತ್ರ ತಡೆಯಬಲ್ಲದು. ನಮಗೆ ಬೇಕಾದ ಶಬ್ದದ ಜೊತೆಗೇ ಅದೇ ಆವರ್ತನದಲ್ಲಿ ಬರುವ ಗದ್ದಲವನ್ನು ಅದು ಬೇರ್ಪಡಿಸಲಾರದು. ಹಾಗಾಗಿ ಅಂಚು ಎಲ್ಲಿರಬೇಕೆಂಬುದನ್ನು ಎರಡು ಸಂಗತಿಗಳು ತೀರ್ಮಾನಿಸುತ್ತವೆ: ನೀವು ಯಾವ ಶಬ್ದದವರೆಗೆ ಉಳಿಸಿಕೊಳ್ಳಬೇಕು, ಮತ್ತು ನಿಮ್ಮ ಎಡಿಸಿ ಎಷ್ಟು ವೇಗವಾಗಿ ಸ್ಯಾಂಪಲ್ ಮಾಡುತ್ತದೆ.

ಮೊದಲು ಮಂದತೆಯ ವಿಷಯ. ಎರಡು ರೆಸಿಸ್ಟರ್ ಸಮ, ಎರಡು ಕೆಪಾಸಿಟರ್ ಸಮ, ಗೇನ್ 1 ಎಂದಾದರೆ ಸಾಲೆನ್-ಕೀ ಹಂತದ ಕ್ಯೂ ಮೌಲ್ಯ (ಅಂಚಿನ ಬಳಿ ಫಿಲ್ಟರ್ ಎಷ್ಟು ಚೂಪಾಗಿದೆ ಎಂಬುದರ ಅಳತೆ) 0.5 ಆಗುತ್ತದೆ, ಅಂಚಿನ ಹತ್ತಿರದವರೆಗೂ ಸಮತಟ್ಟಾಗಿರುವ ಬಟರ್‌ವರ್ತ್ ಪ್ರತಿಕ್ರಿಯೆಗೆ ಬೇಕಾದದ್ದು 0.707. ಕ್ಯೂ 0.5 ಇರುವ ಹಂತವೆಂದರೆ ಎರಡು ಸಾಮಾನ್ಯ ಆರ್‌ಸಿ ಫಿಲ್ಟರ್‌ಗಳನ್ನು ನಡುವೆ ಬಫರ್ (ಗೇನ್ 1ರ ವರ್ಧಕ) ಇಟ್ಟು ಒಂದರ ಹಿಂದೊಂದು ಜೋಡಿಸಿದಂತೆಯೇ. ಅಂಥ ಹಂತ 159 ಹರ್ಟ್ಸ್‌ನಲ್ಲಿ ಸಂಕೇತವನ್ನು 3 ಡೆಸಿಬಲ್ ಅಲ್ಲ, 6 ಡೆಸಿಬಲ್ ತಗ್ಗಿಸುತ್ತದೆ, ಅಂದರೆ ಅರ್ಧಕ್ಕೆ ಇಳಿಸುತ್ತದೆ. 3 ಡೆಸಿಬಲ್ ಇಳಿಕೆ ಸುಮಾರು 102 ಹರ್ಟ್ಸ್‌ನಲ್ಲೇ ಬಂದುಬಿಡುತ್ತದೆ. ನಿಮ್ಮ ನಿಜವಾದ ಕಟ್‌ಆಫ್ ಅದು. ಮೊದಲನೆಯ ಶಬ್ದದ ಬಹುಪಾಲು ಶಕ್ತಿ 150 ಹರ್ಟ್ಸ್‌ಗಿಂತ ಕೆಳಗಿರುತ್ತದೆ. ಮಹಾಪಧಮನಿ ಮತ್ತು ಶ್ವಾಸಕೋಶದ ಅಪಧಮನಿಯ ಕವಾಟಗಳು ಮುಚ್ಚಿಕೊಳ್ಳುವಾಗ ಹುಟ್ಟುವ ಎರಡನೆಯ ಶಬ್ದ ಚಿಕ್ಕದು ಮತ್ತು ಇನ್ನಷ್ಟು ಚುರುಕಾದುದು, ಅದರ ಅಂಶಗಳು 200 ಹರ್ಟ್ಸ್‌ವರೆಗೂ ಹೋಗುತ್ತವೆ. ನಿಮ್ಮ ಫಿಲ್ಟರ್ ಸವೆಸುತ್ತಿರುವುದು ಸರಿಯಾಗಿ ಆ ಭಾಗವನ್ನೇ.

ಮೂರನೆಯ ಮತ್ತು ನಾಲ್ಕನೆಯ ಶಬ್ದಗಳು ಇದ್ದರೆ ಅವು ಸುಮಾರು 20ರಿಂದ 70 ಹರ್ಟ್ಸ್‌ನ ನಡುವೆ, ಬಹಳ ಕ್ಷೀಣವಾಗಿ ಇರುತ್ತವೆ. ಅವುಗಳ ಮಟ್ಟಿಗೆ ಲೋ-ಪಾಸ್ ಅಂಚು ಮುಖ್ಯವಲ್ಲ. ಮರ್ಮರಗಳ ಮಾತು ಬೇರೆ. ಮೈಟ್ರಲ್ ಕವಾಟ ಕಿರಿದಾದಾಗ ಕೇಳುವ ಮರ್ಮರ ಕೆಳಗಿನ ಆವರ್ತನದ್ದಾದರೆ, ಮಹಾಪಧಮನಿಯ ಕವಾಟದಿಂದ ರಕ್ತ ಹಿಂದಕ್ಕೆ ಸೋರುವಾಗಿನ ಮರ್ಮರ ತೆಳ್ಳಗೆ, ಹಲವು ನೂರು ಹರ್ಟ್ಸ್‌ಗಳಲ್ಲಿ ಇರುತ್ತದೆ. ಮರ್ಮರವೂ ದಾಖಲಾಗಬೇಕೆಂದು ನೀವೇ ಹೇಳಿರುವುದರಿಂದ 150 ಅಥವಾ 200 ಹರ್ಟ್ಸ್ ಸಾಲದು. 600 ಹರ್ಟ್ಸ್ ಇಟ್ಟುಕೊಳ್ಳಿ ಎಂಬುದು ನನ್ನ ಸಲಹೆ.

ಆದರೆ 600 ಹರ್ಟ್ಸ್ ಅಂಚಿಗೆ ಸೆಕೆಂಡಿಗೆ 1000 ಸ್ಯಾಂಪಲ್ ಯಾವ ರೀತಿಯಲ್ಲೂ ಹೊಂದುವುದಿಲ್ಲ. 500 ಹರ್ಟ್ಸ್‌ಗಿಂತ ಮೇಲಿರುವುದೆಲ್ಲ ಮಡಚಿಕೊಂಡು ಕೆಳಗೆ ಬರುತ್ತದೆ. ನೀವು 27 ನ್ಯಾನೊಫ್ಯಾರಡ್ ಹಾಕಿದಾಗ ಕಂಡ ಒರಟು ಗದ್ದಲ ಇದೇ. ಆ ಬೆಲೆಗಳಲ್ಲಿ ನಿಮ್ಮ ಹಂತ 950 ಹರ್ಟ್ಸ್ ಅನ್ನು ಕೇವಲ 11 ಡೆಸಿಬಲ್ ತಗ್ಗಿಸುತ್ತದೆ; ಎಡಿಸಿಯಿಂದ ಓದಿದ ಮೇಲೆ ಅದು 50 ಹರ್ಟ್ಸ್ ವೇಷದಲ್ಲಿ, ಮೊದಲನೆಯ ಶಬ್ದದ ಮಧ್ಯದಲ್ಲೇ ಬಂದು ಕೂರುತ್ತದೆ. ಒಮ್ಮೆ ಹಾಗೆ ಸೇರಿಕೊಂಡದ್ದನ್ನು ಯಾವ ಸಾಫ್ಟ್‌ವೇರ್‌ನಿಂದಲೂ ಹೊರತೆಗೆಯಲು ಸಾಧ್ಯವಿಲ್ಲ.

ಸ್ಯಾಂಪ್ಲಿಂಗ್ ಅನ್ನು ಸೆಕೆಂಡಿಗೆ 4000ಕ್ಕೆ ಏರಿಸಿದರೆ 600 ಹರ್ಟ್ಸ್‌ನ ಒಳಗೆ ಮಡಚಿ ಬರಬಲ್ಲ ಅತಿ ಕೆಳಗಿನ ಆವರ್ತನ 3400 ಹರ್ಟ್ಸ್ ಆಗುತ್ತದೆ. ಅಲ್ಲಿ ಎರಡನೇ ಆರ್ಡರಿನ ಬಟರ್‌ವರ್ತ್ ಕೊಡುವ ಇಳಿಕೆ ಸುಮಾರು 30 ಡೆಸಿಬಲ್, ನಾಲ್ಕನೇ ಆರ್ಡರಿನದು ಸುಮಾರು 60 ಡೆಸಿಬಲ್. 10 ಬಿಟ್ ಎಡಿಸಿಯ ಆದರ್ಶ ವ್ಯಾಪ್ತಿಯೇ 62 ಡೆಸಿಬಲ್ ಆಗಿರುವುದರಿಂದ ನಾಲ್ಕನೇ ಆರ್ಡರ್ ನಿಮಗೆ ಅಳತೆ ತೆಗೆದು ಹೊಲಿಸಿದಂತೆ ಹೊಂದುತ್ತದೆ.

ನಾಲ್ಕನೇ ಆರ್ಡರಿನ ಬಟರ್‌ವರ್ತ್ ಎಂದರೆ ಒಂದೇ ಬಗೆಯ ಎರಡು ಹಂತಗಳಲ್ಲ. ಎರಡಕ್ಕೂ ಆವರ್ತನ 600 ಹರ್ಟ್ಸ್, ಆದರೆ ಒಂದರ ಕ್ಯೂ 0.541, ಇನ್ನೊಂದರದು 1.307. ಗೇನ್ 1 ಇಟ್ಟುಕೊಂಡು, ಆಪ್-ಆಂಪಿನ ಹೊರಪಾದದಿಂದ ಹಿಂದಕ್ಕೆ ಬರುವ ಕೆಪಾಸಿಟರ್ ಅನ್ನು ಸಿ1 ಎಂದೂ, ಒಳಪಾದದಿಂದ ಗ್ರೌಂಡ್‌ಗೆ ಹೋಗುವುದನ್ನು ಸಿ2 ಎಂದೂ ಕರೆಯೋಣ. ಆಗ ಎರಡು ರೆಸಿಸ್ಟರ್‌ಗಳ ಮೊತ್ತವನ್ನು ಕ್ಯೂ ಮತ್ತು ಸಿ2 ನಿರ್ಧರಿಸುತ್ತವೆ, ಅವುಗಳ ಗುಣಲಬ್ಧವನ್ನು ಸಿ1 ಮತ್ತು ಸಿ2 ನಿರ್ಧರಿಸುತ್ತವೆ. ಉತ್ತರ ಸಿಗಬೇಕಾದರೆ ಸಿ1, ಸಿ2ರ ಅನುಪಾತ ಕ್ಯೂ ವರ್ಗದ ನಾಲ್ಕು ಪಟ್ಟಿಗಿಂತ ಕಡಿಮೆಯಾಗಬಾರದು. ಮೊದಲ ಹಂತಕ್ಕೆ ಸಿ1 15 ನ್ಯಾನೊಫ್ಯಾರಡ್, ಸಿ2 10 ನ್ಯಾನೊಫ್ಯಾರಡ್, ರೆಸಿಸ್ಟರ್‌ಗಳು 36 ಮತ್ತು 13 ಕಿಲೋಓಮ್. ಎರಡನೆಯ ಹಂತಕ್ಕೆ ಸಿ1 100 ನ್ಯಾನೊಫ್ಯಾರಡ್, ಸಿ2 10 ನ್ಯಾನೊಫ್ಯಾರಡ್, ರೆಸಿಸ್ಟರ್‌ಗಳು 15.8 ಮತ್ತು 4.42 ಕಿಲೋಓಮ್. ಈ ಬೆಲೆಗಳಿಂದ ಮರಳಿ ಲೆಕ್ಕ ಹಾಕಿದರೆ ಮೊದಲ ಹಂತ 601 ಹರ್ಟ್ಸ್ ಮತ್ತು ಕ್ಯೂ 0.541, ಎರಡನೆಯದು 602 ಹರ್ಟ್ಸ್ ಮತ್ತು ಕ್ಯೂ 1.307. ಶೇಕಡ 1ರ ರೆಸಿಸ್ಟರ್‌ಗಳನ್ನೇ ಬಳಸಿ. ಜೋಡಿಸುವಾಗ ಸಿ1, ಸಿ2 ಅದಲುಬದಲಾಗದಂತೆ ವಿಶೇಷವಾಗಿ ನೋಡಿಕೊಳ್ಳಿ, ಏಕೆಂದರೆ ಎರಡನೆಯ ಹಂತದಲ್ಲಿ ಅವು ಅದಲುಬದಲಾದರೆ ಕ್ಯೂ 0.13ಕ್ಕೆ ಕುಸಿದು, ಸಂಕೇತ 80 ಹರ್ಟ್ಸ್‌ನ ಆಸುಪಾಸಿನಿಂದಲೇ ಇಳಿಯತೊಡಗುತ್ತದೆ.

ಸಾಲೆನ್ ಮತ್ತು ಕೀ ಈ ವಿನ್ಯಾಸಗಳನ್ನು ಪ್ರಕಟಿಸಿದ್ದು 1955ರಲ್ಲಿ, ನಿರ್ವಾತ ಕೊಳವೆಗಳ ಕಾಲದಲ್ಲಿ. ಬಫರ್ ಒಂದಿದ್ದರೆ ಸಾಕೆನ್ನುವ ಈ ಸರಳತೆ ನಿಮ್ಮ ಕೆಲಸಕ್ಕೂ ಅನುಕೂಲವೇ. ಇದಕ್ಕೊಂದು ದೌರ್ಬಲ್ಯವಿದೆ: ಬಹಳ ಮೇಲಿನ ಆವರ್ತನಗಳಲ್ಲಿ ಆಪ್-ಆಂಪಿನ ಹೊರಪಾದದ ಪ್ರತಿರೋಧ ಏರುವುದರಿಂದ ಸಿ1 ಮೂಲಕ ಸಂಕೇತ ನುಸುಳಿ, ಇಳಿಕೆ ಕಡಿಮೆಯಾಗುತ್ತದೆ. ಮಲ್ಟಿಪಲ್ ಫೀಡ್‌ಬ್ಯಾಕ್ ವಿನ್ಯಾಸದಲ್ಲಿ ಈ ನುಸುಳುವಿಕೆ ಇಲ್ಲ, ಆದರೆ ಅದು ಸಂಕೇತವನ್ನು ತಲೆಕೆಳಗು ಮಾಡುತ್ತದೆ. ಎಡಿಸಿಯ ಮುಂದೆ 1 ಕಿಲೋಓಮ್ ಮತ್ತು 10 ನ್ಯಾನೊಫ್ಯಾರಡ್ ಇರಿಸಿದರೆ, ಸುಮಾರು 16 ಕಿಲೋಹರ್ಟ್ಸ್‌ನಿಂದ ಮೇಲಿನದನ್ನು ಅದು ನೋಡಿಕೊಳ್ಳುತ್ತದೆ. ಅಷ್ಟರಮಟ್ಟಿಗೆ ಸಾಲೆನ್-ಕೀ ಬಿಡುವ ಅಗತ್ಯ ನನಗೆ ಕಾಣುವುದಿಲ್ಲ.

ಎರಡನೆಯ ಉತ್ತರ

ಮೇಲಿನ ಲೆಕ್ಕಗಳನ್ನು ಒಪ್ಪುತ್ತೇನೆ, ಆರ್ಡರಿನ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಮೈಕ್ರೊಕಂಟ್ರೋಲರ್ ಸೆಕೆಂಡಿಗೆ 8000 ಸ್ಯಾಂಪಲ್ ಓದಬಲ್ಲದಾದರೆ, ಮಡಚಿ ಬರುವ ಆವರ್ತನ 7400 ಹರ್ಟ್ಸ್‌ಗೆ ಸರಿಯುತ್ತದೆ, ಅಲ್ಲಿ ಎರಡನೇ ಆರ್ಡರಿನ ಬಟರ್‌ವರ್ತ್ ಒಂದೇ ಸುಮಾರು 44 ಡೆಸಿಬಲ್ ತಗ್ಗಿಸುತ್ತದೆ. ಎದೆಯಿಂದ ಆ ಆವರ್ತನದಲ್ಲಿ ಬರುವ ಶಬ್ದ ಮೊದಲೇ ಅತ್ಯಲ್ಪ. ಉಳಿದ ಕಡಿದಾದ ಇಳಿಕೆಯನ್ನು ಡಿಜಿಟಲ್ ಫಿಲ್ಟರಿನಿಂದ ಪಡೆದು, ನಂತರ ಸ್ಯಾಂಪಲ್‌ಗಳನ್ನು ಕಡಿಮೆ ಮಾಡಿಕೊಳ್ಳಬಹುದು. ಹೀಗೆ ಮಾಡಿದರೆ ಬಿಡಿಭಾಗಗಳ ಬೆಲೆಯ ವ್ಯತ್ಯಾಸಕ್ಕೆ ಸೂಕ್ಷ್ಮವಾದ, ಹೆಚ್ಚು ಕ್ಯೂ ಇರುವ ಹಂತವೇ ಬೇಕಾಗುವುದಿಲ್ಲ. ಮೆಮೊರಿ ಅಥವಾ ವೇಗ ಸಾಲದ ಚಿಪ್ ನಿಮ್ಮದಾಗಿದ್ದರೆ ಮಾತ್ರ ನಾಲ್ಕನೇ ಆರ್ಡರಿಗೆ ಹೋಗಿ.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಗುಂಯ್ ಸದ್ದಿನ ಬಗ್ಗೆ. ಲೈನಿನ ಆವರ್ತನ 50 ಇರಲಿ 60 ಇರಲಿ, ಅದು ಹೃದಯದ ಶಬ್ದದ ವ್ಯಾಪ್ತಿಯ ನಟ್ಟನಡುವೆ ಇದೆ. ನಾಚ್ ಫಿಲ್ಟರ್ ಹಾಕಬೇಡಿ ಎಂದೇ ನಾನು ಹೇಳುತ್ತೇನೆ. 50 ಹರ್ಟ್ಸ್‌ನಲ್ಲಿ ಕ್ಯೂ 30 ಇರುವ ಕಿರಿದಾದ ನಾಚ್ ಅನ್ನು ತೆಗೆದುಕೊಂಡರೆ ಅದರ ಕಾಲಸ್ಥಿರಾಂಕ ಸುಮಾರು 0.19 ಸೆಕೆಂಡ್. ಮೊದಲನೆಯ ಶಬ್ದ ಅದನ್ನು ಬಡಿದಾಗ ಸಣ್ಣದಾದರೂ ಒಂದು ಅನುರಣನ ಅಷ್ಟು ಹೊತ್ತು ಉಳಿಯುತ್ತದೆ. ಮೊದಲನೆಯ ಮತ್ತು ಎರಡನೆಯ ಶಬ್ದಗಳ ನಡುವಿನ ಅವಧಿಯೇ ಸುಮಾರು 0.3 ಸೆಕೆಂಡ್ ಇರುವುದರಿಂದ, ಮರ್ಮರವನ್ನು ಹುಡುಕುವ ಜಾಗದಲ್ಲೇ ಆ ಕೃತಕ ಅಲೆ ಹರಡಿಕೊಳ್ಳುತ್ತದೆ. ನಾಚ್ ಅಗಲ ಮಾಡಿದರೆ ಅನುರಣನ ಬೇಗ ಅಡಗುತ್ತದೆ, ಆದರೆ ಹೃದಯದ ಶಬ್ದದ ಒಂದು ತುಂಡನ್ನೇ ಕತ್ತರಿಸಿ ಹಾಕಿದಂತಾಗುತ್ತದೆ.

ಸದ್ದನ್ನು ಅದು ಒಳಗೆ ಬರುವ ಬಾಗಿಲಲ್ಲೇ ತಡೆಯುವುದು ಸರಿಯಾದ ದಾರಿ. ಮೈಕ್ರೊಫೋನ್ ತೆಗೆದು ಅದರ ಜಾಗದಲ್ಲಿ 10 ಕಿಲೋಓಮ್‌ನ ಒಂದು ಸಾಧಾರಣ ರೆಸಿಸ್ಟರ್ ಹಾಕಿ ದಾಖಲಿಸಿ ನೋಡಿ. ಗುಂಯ್ ಸದ್ದು ಆಗಲೂ ಇದ್ದರೆ ಅದು ಸರಬರಾಜಿನಿಂದಲೋ ಗ್ರೌಂಡ್ ವೈರಿಂಗಿನಿಂದಲೋ ಬರುತ್ತಿದೆ. ಇಲ್ಲವಾದರೆ ಮೈಕ್ರೊಫೋನ್ ಮತ್ತು ಅದರ ತಂತಿ ಹಿಡಿಯುತ್ತಿವೆ. ನಿಮ್ಮ ವಿವರಣೆಯಲ್ಲಿ ಬಯಾಸ್ ರೆಸಿಸ್ಟರ್ ನೇರವಾಗಿ 3.3 ವೋಲ್ಟ್‌ಗೆ ಸೇರಿದೆ ಎಂದಿದೆ. ಆ ಸರಬರಾಜಿನ ಮೇಲಿನ ಪ್ರತಿ ಮಿಲಿವೋಲ್ಟ್ ಏರಿಳಿತವೂ ಹೆಚ್ಚುಕಡಿಮೆ ಹಾಗೆಯೇ ಮೈಕ್ರೊಫೋನಿನ ತುದಿಗೆ ತಲುಪಿ, 50 ಪಟ್ಟು ವರ್ಧನೆಗೊಳ್ಳುತ್ತದೆ. ಸರಬರಾಜಿಗೂ ಬಯಾಸ್ ರೆಸಿಸ್ಟರಿಗೂ ನಡುವೆ 1 ಕಿಲೋಓಮ್ ಇಟ್ಟು, ಆ ಎರಡು ರೆಸಿಸ್ಟರ್‌ಗಳು ಸೇರುವಲ್ಲಿಂದ ಗ್ರೌಂಡ್‌ಗೆ 47 ಮೈಕ್ರೊಫ್ಯಾರಡ್ ಕೊಡಿ. 50 ಹರ್ಟ್ಸ್‌ನಲ್ಲಿ ಆ ಏರಿಳಿತ ಸುಮಾರು ಹದಿನೈದನೇ ಒಂದು ಭಾಗಕ್ಕೆ ಇಳಿಯುತ್ತದೆ. ಸಂಕೇತವನ್ನು ಕೂರಿಸುವ ಅರ್ಧ ವೋಲ್ಟೇಜಿನ ಬಿಂದುವಿಗೂ ಇದೇ ಮಾತು ಅನ್ವಯಿಸುತ್ತದೆ: ಎರಡು 100 ಕಿಲೋಓಮ್ ರೆಸಿಸ್ಟರ್, ಮಧ್ಯದಿಂದ ಗ್ರೌಂಡ್‌ಗೆ 10 ಮೈಕ್ರೊಫ್ಯಾರಡ್, ಆಮೇಲೆ ಒಂದು ಬಫರ್. ಮೈಕ್ರೊಫೋನಿಗೆ ಶೀಲ್ಡ್ ತಂತಿಯನ್ನೇ ಬಳಸಿ. ಇಡೀ ಉಪಕರಣವನ್ನು ಬ್ಯಾಟರಿಯಲ್ಲಿ ನಡೆಸಿ. ಎದೆಗೆ ತಾಗುವ ಲೋಹವಿರುವ ಉಪಕರಣ ಚಾರ್ಜರಿಗೆ ಸಿಕ್ಕಿಸಿದ ಕಂಪ್ಯೂಟರಿಗೆ ಜೋಡಣೆಯಾಗಿರುವುದು ಸುರಕ್ಷತೆಯ ದೃಷ್ಟಿಯಿಂದಲೂ ಸಲ್ಲದು.

ವರ್ಧಕಕ್ಕಿಂತ ಮೊದಲೇ ಒಂದು ಹೈ-ಪಾಸ್ (ಕೆಳಗಿನ ಆವರ್ತನಗಳನ್ನು ತಡೆಯುವ ಫಿಲ್ಟರ್) ಇರಲಿ, ಉದಾಹರಣೆಗೆ 100 ನ್ಯಾನೊಫ್ಯಾರಡ್ ಮತ್ತು 82 ಕಿಲೋಓಮ್, ಸುಮಾರು 19 ಹರ್ಟ್ಸ್. ಉಸಿರಾಟಕ್ಕೆ ಎದೆ ಏರಿಳಿಯುವಾಗ, ಕೈ ಅಲುಗಿದಾಗ ಬರುವ ನಿಧಾನ ಅಲೆಗಳು ಹೃದಯದ ಶಬ್ದಕ್ಕಿಂತ ಎಷ್ಟೋ ದೊಡ್ಡವು. ಅವು 50 ಪಟ್ಟು ವರ್ಧನೆಗೊಂಡು ಆಪ್-ಆಂಪ್ ಅನ್ನು ಸರಬರಾಜಿನ ಅಂಚಿಗೆ ತಳ್ಳಿದ ಮೇಲೆ ಮುಂದೆ ಬರುವ ಯಾವ ಫಿಲ್ಟರೂ ಏನೂ ಮಾಡಲಾರದು.

ಬಿಡಿಭಾಗಗಳ ಬಗ್ಗೆಯೂ ಒಂದು ಮಾತು. ಸಿಗ್ನಲ್ ದಾರಿಯಲ್ಲಿ ಎಕ್ಸ್7ಆರ್ ಬಗೆಯ ಸೆರಾಮಿಕ್ ಕೆಪಾಸಿಟರ್ ಬೇಡ. ಅದರ ಬೆಲೆ ವೋಲ್ಟೇಜಿನೊಂದಿಗೆ ಬದಲಾಗುತ್ತದೆ, ಅಷ್ಟೇ ಅಲ್ಲದೆ ಬೋರ್ಡನ್ನು ಬೆರಳಿನಿಂದ ತಟ್ಟಿದರೂ ಅದರಲ್ಲಿ ವೋಲ್ಟೇಜ್ ಹುಟ್ಟುತ್ತದೆ. ಕೈಯಲ್ಲಿ ಹಿಡಿದು ಎದೆಗೆ ಒತ್ತುವ ಉಪಕರಣದಲ್ಲಿ ಇದು ನೇರವಾಗಿ ಹೃದಯದ ಶಬ್ದದೊಂದಿಗೆ ಬೆರೆಯುತ್ತದೆ. ಫಿಲ್ಮ್ ಕೆಪಾಸಿಟರ್ ಅಥವಾ ಸಿ0ಜಿ ಸೆರಾಮಿಕ್ ಬಳಸಿ. ಆಪ್-ಆಂಪ್ ಯಾವುದೆಂದು ನೀವು ಬರೆದಿಲ್ಲ. 3.3 ವೋಲ್ಟ್‌ನಲ್ಲಿ ಟಿಎಲ್072 ಸರಿಯಾಗಿ ಕೆಲಸ ಮಾಡುವುದಿಲ್ಲ. ಎಲ್‌ಎಂ358ರ ಹೊರಪಾದ ಸರಬರಾಜಿಗಿಂತ ಸುಮಾರು ಒಂದೂವರೆ ವೋಲ್ಟ್ ಕೆಳಗೇ ನಿಂತುಬಿಡುತ್ತದೆ. ಎಂಸಿಪಿ6002ರಂಥ ರೈಲ್-ಟು-ರೈಲ್ (ಸರಬರಾಜಿನ ಎರಡೂ ಅಂಚಿನ ಹತ್ತಿರದವರೆಗೆ ಹೋಗಬಲ್ಲ) ಚಿಪ್ ಸಾಕು, ಅದರ 1 ಮೆಗಾಹರ್ಟ್ಸ್ ಬ್ಯಾಂಡ್‌ವಿಡ್ತ್ ಈ ಕೆಲಸಕ್ಕೆ ಧಾರಾಳವಾಗಿದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಮೈಕ್ರೊಫೋನಿನ ಜಾಗದಲ್ಲಿ ರೆಸಿಸ್ಟರ್ ಇಟ್ಟು ನೋಡಿದೆ. ಗುಂಯ್ ಸದ್ದು ಹಾಗೆಯೇ ಇತ್ತು. ಬಯಾಸ್‌ಗೆ 1 ಕಿಲೋಓಮ್ ಮತ್ತು 47 ಮೈಕ್ರೊಫ್ಯಾರಡ್ ಸೇರಿಸಿ ಬ್ಯಾಟರಿಗೆ ಬದಲಾಯಿಸಿದ ಮೇಲೆ ಅದು ಬಹುಮಟ್ಟಿಗೆ ಹೋಗಿದೆ. ನನ್ನ ಚಿಪ್‌ನಲ್ಲಿ ಮೆಮೊರಿ ಕಡಿಮೆ ಇರುವುದರಿಂದ ಸೆಕೆಂಡಿಗೆ 4000 ಸ್ಯಾಂಪಲ್ ಮತ್ತು ನಾಲ್ಕನೇ ಆರ್ಡರನ್ನೇ ಆರಿಸಿಕೊಳ್ಳುತ್ತೇನೆ.

ಇನ್ನು ಎರಡು ಸಂದೇಹಗಳು. ಉಸಿರು ಒಳಗೆಳೆದುಕೊಂಡಾಗ ಎರಡನೆಯ ಶಬ್ದ ಎರಡಾಗಿ ಸೀಳುತ್ತದೆ ಎಂದು ಓದಿದ್ದೇನೆ. ಆ ಸೀಳನ್ನು ಅಳೆಯಬೇಕಾದರೆ ಎಲ್ಲ ಆವರ್ತನಗಳನ್ನೂ ಸಮನಾಗಿ ತಡಮಾಡುವ ಬೆಸಲ್ ಫಿಲ್ಟರ್ ಬೇಕಲ್ಲವೇ? ಎರಡನೆಯದಾಗಿ, ಜೋಡಿಸಿದ ಫಿಲ್ಟರ್ ಲೆಕ್ಕದಂತೆಯೇ ನಡೆಯುತ್ತಿದೆಯೆಂದು ಖಚಿತಪಡಿಸಿಕೊಳ್ಳುವುದು ಹೇಗೆ?

ಮೊದಲ ಉತ್ತರ ಕೊಟ್ಟವರು

ಬೆಸಲ್ ಬೇಕೇ ಎಂಬ ಪ್ರಶ್ನೆಯನ್ನು ಅಂಕಿಗಳಲ್ಲಿ ನೋಡಿದರೆ ಸಂದೇಹ ಬೇಗ ಪರಿಹಾರವಾಗುತ್ತದೆ. ಉಸಿರು ಒಳಗೆಳೆದುಕೊಂಡಾಗ ಮಹಾಪಧಮನಿಯ ಕವಾಟದ ಅಂಶಕ್ಕೂ ಶ್ವಾಸಕೋಶದ ಅಪಧಮನಿಯ ಕವಾಟದ ಅಂಶಕ್ಕೂ ನಡುವಿನ ಅಂತರ ಸುಮಾರು 30 ಮಿಲಿಸೆಕೆಂಡಿನ ಆಸುಪಾಸಿನಲ್ಲಿರುತ್ತದೆ. 600 ಹರ್ಟ್ಸ್‌ನ ನಾಲ್ಕನೇ ಆರ್ಡರಿನ ಬಟರ್‌ವರ್ತ್ ಕೆಳಗಿನ ಆವರ್ತನಗಳನ್ನು ತಡಮಾಡುವುದು ಸುಮಾರು 0.7 ಮಿಲಿಸೆಕೆಂಡ್. ಕಟ್‌ಆಫ್‌ನ ಹತ್ತಿರ ಈ ತಡ ಹೆಚ್ಚುತ್ತದೆ, ಆದರೆ ಎರಡನೆಯ ಶಬ್ದದ ಶಕ್ತಿ ಅಲ್ಲಿ ಇಲ್ಲ. ಜೊತೆಗೆ, ಎರಡೂ ಅಂಶಗಳು ಒಂದೇ ಫಿಲ್ಟರ್ ಹಾದು ಬರುವುದರಿಂದ ತಡವೂ ಬಹುತೇಕ ಒಂದೇ ಆಗಿರುತ್ತದೆ. ಅಂತರದ ಅಳತೆಗೆ ಇದರಿಂದ ಬಾಧೆಯಿಲ್ಲ. ಬೆಸಲ್ ಆರಿಸಿದರೆ ಅದೇ ಕಟ್‌ಆಫ್‌ಗೆ 3400 ಹರ್ಟ್ಸ್‌ನಲ್ಲಿ ಸಿಗುವ ಇಳಿಕೆ ಕಡಿಮೆಯಾಗುತ್ತದೆ, ನಿಮಗೆ ಬೇಕಾದದ್ದು ಆ ಇಳಿಕೆಯೇ. ಕಟ್‌ಆಫ್ 150 ಹರ್ಟ್ಸ್‌ನಲ್ಲೇ ಇರಬೇಕೆಂಬ ನಿರ್ಬಂಧವಿದ್ದಿದ್ದರೆ, ತಡವೂ ನಾಲ್ಕು ಪಟ್ಟು ಹೆಚ್ಚಿ 2.8 ಮಿಲಿಸೆಕೆಂಡ್ ಆಗುತ್ತಿತ್ತು, ಕಟ್‌ಆಫ್‌ನ ಹತ್ತಿರದ ಏರುಪೇರೂ ಶಬ್ದದ ವ್ಯಾಪ್ತಿಯ ಒಳಗೇ ಬೀಳುತ್ತಿತ್ತು. ಆಗ ಬೆಸಲ್ ಬಗ್ಗೆ ಯೋಚಿಸಬಹುದಿತ್ತು.

ಪರೀಕ್ಷೆಗೆ ಸಿಗ್ನಲ್ ಜನರೇಟರ್ ಇಲ್ಲದಿದ್ದರೆ ಫೋನಿನ ಇಯರ್‌ಫೋನ್ ಸಾಕೆಟ್ಟೂ ಸಾಕು, ಈ ಆವರ್ತನಗಳಲ್ಲಿ ಅದು ನಂಬಬಹುದಾದ ಸೈನ್ ಅಲೆಯನ್ನೇ ಕೊಡುತ್ತದೆ. ಅದನ್ನು ಕೆಪಾಸಿಟರ್ ಮೂಲಕ ಅರ್ಧ ವೋಲ್ಟೇಜಿನ ಮೇಲೆ ಕೂರಿಸಿ, ನಡುವೆ ಒಂದು ಬಫರ್ ಇಟ್ಟು ಫಿಲ್ಟರಿಗೆ ಕೊಡಿ. ಎರಡು ಹಂತಗಳನ್ನು ಮೊದಲು ಬೇರೆ ಬೇರೆಯಾಗಿ ಅಳೆಯುವುದು ಒಳ್ಳೆಯದು, ದೋಷ ಯಾವುದರಲ್ಲಿದೆ ಎಂದು ಕೂಡಲೇ ತಿಳಿಯುತ್ತದೆ. 100 ಹರ್ಟ್ಸ್‌ನಲ್ಲಿ ಒಳಗೆ 200 ಮಿಲಿವೋಲ್ಟ್ ಕೊಟ್ಟರೆ ಎರಡೂ ಹಂತಗಳಿಂದ 200ರ ಆಸುಪಾಸಿನಲ್ಲೇ ಹೊರಬರಬೇಕು. 600 ಹರ್ಟ್ಸ್‌ಗೆ ಬಂದಾಗ ಮೊದಲ ಹಂತ ಒಂದೇ ಸುಮಾರು 108 ಮಿಲಿವೋಲ್ಟ್ ತೋರಿಸುತ್ತದೆ, ಎರಡನೆಯ ಹಂತ ಒಂದೇ ಸುಮಾರು 260 ಮಿಲಿವೋಲ್ಟ್ ತೋರಿಸುತ್ತದೆ. ಲೋ-ಪಾಸ್ ಫಿಲ್ಟರಿನಿಂದ ಒಳಗೆ ಕೊಟ್ಟದ್ದಕ್ಕಿಂತ ಹೆಚ್ಚು ಹೊರಬರುವುದನ್ನು ಕಂಡು ಗಾಬರಿಯಾಗಬೇಡಿ, ಕ್ಯೂ 1.307 ಎಂದರೆ ಇದೇ. ಆ ಹಂತ 505 ಹರ್ಟ್ಸ್‌ನ ಬಳಿ 1.41 ಪಟ್ಟಿನವರೆಗೆ ಎದ್ದು ನಿಲ್ಲುತ್ತದೆ, ಮೊದಲ ಹಂತದ ಬೇಗನೆಯ ಇಳಿಕೆ ಆ ಉಬ್ಬನ್ನು ಸರಿದೂಗಿಸುತ್ತದೆ. ಇದೇ ಕಾರಣಕ್ಕೆ ಕಡಿಮೆ ಕ್ಯೂ ಇರುವ ಹಂತ ಮೊದಲು ಬರಬೇಕು. ಹೆಚ್ಚು ಕ್ಯೂ ಇರುವುದು ಮೊದಲು ಬಂದರೆ, ಜೋರಾದ ಶಬ್ದ ಉಬ್ಬಿನಲ್ಲಿ ಸರಬರಾಜಿನ ಅಂಚಿಗೆ ತಾಗಿ ಕತ್ತರಿಸಿಹೋಗಬಹುದು, ಮುಂದಿನ ಹಂತ ಅದನ್ನು ತಗ್ಗಿಸಿ ತೋರಿಸುವುದರಿಂದ ಕತ್ತರಿಸಿದ್ದು ಹೊರಗೆ ಗೊತ್ತೇ ಆಗುವುದಿಲ್ಲ.

ಎರಡನ್ನೂ ಜೋಡಿಸಿದ ಮೇಲೆ 600 ಹರ್ಟ್ಸ್‌ನಲ್ಲಿ ಸುಮಾರು 141 ಮಿಲಿವೋಲ್ಟ್, 1200 ಹರ್ಟ್ಸ್‌ನಲ್ಲಿ ಹದಿನಾರನೇ ಒಂದು ಭಾಗ, ಅಂದರೆ 12.5 ಮಿಲಿವೋಲ್ಟ್ ಆಸುಪಾಸು ಬರಬೇಕು. 600ರಲ್ಲಿ ಸರಿಯಿದ್ದು 400ರಿಂದ 500ರ ನಡುವೆ ಉಬ್ಬು ಅಥವಾ ತಗ್ಗು ಕಂಡರೆ ಕೆಪಾಸಿಟರ್‌ಗಳ ನಿಜವಾದ ಬೆಲೆಯನ್ನು ಮೀಟರಿನಲ್ಲಿ ಅಳೆಯಿರಿ. ಶೇಕಡ 10ರ ಸಹನೆಯ ಕೆಪಾಸಿಟರ್‌ಗಳಲ್ಲಿ ಇದು ಸಹಜ. ಕೊನೆಗೆ ಸ್ಯಾಂಪ್ಲಿಂಗ್ ಸಹಿತ ಪರೀಕ್ಷಿಸಲು ಅದೇ 200 ಮಿಲಿವೋಲ್ಟ್‌ನ 3900 ಹರ್ಟ್ಸ್ ಸೈನ್ ಅಲೆಯನ್ನು ಒಳಗೆ ಕೊಟ್ಟು, ದಾಖಲಾದ ಸಂಕೇತದಲ್ಲಿ 100 ಹರ್ಟ್ಸ್‌ನ ಅಲೆ ಮೂಡಿದೆಯೇ ಎಂದು ನೋಡಿ. ಲೆಕ್ಕದಂತೆ ಅಲ್ಲಿ ಇಳಿಕೆ 65 ಡೆಸಿಬಲ್, ಹೊರಬರುವುದು ಸುಮಾರು 0.1 ಮಿಲಿವೋಲ್ಟ್. ನಿಮ್ಮ ಎಡಿಸಿಯ ಒಂದು ಮೆಟ್ಟಿಲೇ 3.2 ಮಿಲಿವೋಲ್ಟ್ ಇರುವುದರಿಂದ ಏನೂ ಕಾಣಬಾರದು. ಕಂಡರೆ ಎಡಿಸಿಯ ಮುಂದಿನ ಆರ್‌ಸಿ ಮತ್ತು ಆಪ್-ಆಂಪಿನ ಸರಬರಾಜಿನ ಗದ್ದಲ ತಡೆಯುವ ಡಿಕಪ್ಲಿಂಗ್ ಕೆಪಾಸಿಟರನ್ನು ಮೊದಲು ಪರಿಶೀಲಿಸಿ.

ಎರಡನೆಯ ಉತ್ತರ ಕೊಟ್ಟವರು

ಇದಕ್ಕೆ ಒಂದು ಸೇರಿಕೆ. ಸರ್ಕ್ಯೂಟ್ ಪರೀಕ್ಷೆಯಲ್ಲಿ ಗೆದ್ದ ಮೇಲೂ ಎದೆಯ ಮೇಲಿಟ್ಟಾಗ ಕೆಳಗಿನ ಆವರ್ತನಗಳು ಸೊರಗಿದ್ದರೆ ಫಿಲ್ಟರನ್ನು ದೂರಬೇಡಿ. ಮೈಕ್ರೊಫೋನ್ ಕೂರಿಸಿದ ರಂಧ್ರದಲ್ಲಿ ಸೂಕ್ಷ್ಮವಾದ ಗಾಳಿ ಸೋರಿಕೆ ಇದ್ದರೂ ಅದು ಒಂದು ಹೈ-ಪಾಸ್‌ನಂತೆ ಕೆಲಸ ಮಾಡಿ, ಮೊದಲನೆಯ ಶಬ್ದದ ಗಾತ್ರವನ್ನೇ ತಿಂದುಹಾಕುತ್ತದೆ. ಮೈಕ್ರೊಫೋನಿನ ಸುತ್ತ ಮೆದು ರಬ್ಬರ್ ಉಂಗುರ ಹಾಕಿ ಭದ್ರವಾಗಿ ಮುಚ್ಚಿ, ಹಿಂದಿನ ಮತ್ತು ಈಗಿನ ದಾಖಲೆಗಳ ವರ್ಣಪಟಲವನ್ನು 20ರಿಂದ 100 ಹರ್ಟ್ಸ್‌ನ ಭಾಗದಲ್ಲಿ ಹೋಲಿಸಿ. ಹಾಗೆಯೇ, ಶಬ್ದವನ್ನು ಫೋನಿನ ಸಣ್ಣ ಸ್ಪೀಕರಿನಲ್ಲಿ ಕೇಳಿ ತೀರ್ಮಾನಿಸಬೇಡಿ, 100 ಹರ್ಟ್ಸ್‌ಗಿಂತ ಕೆಳಗಿನದನ್ನು ಅದು ನುಡಿಸುವುದೇ ಇಲ್ಲ. ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್ ಬಳಸಿ.